ಅಕ್ಕೋರಿಗಿದ್ದ ಒಂದು ಮಾತು

ಯಲ್ಲಾಪುರದಲ್ಲಿ ತಾಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವವರೊಬ್ಬರು ಇನ್ನೂ ಹಳೆಯ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಾರೆ. ಮೊನ್ನೆ ಅಲ್ಲಿ ನನ್ನ ಸರದಿಗೆ ಕಾಯುತ್ತಿದ್ದಾಗ ಅವರು ರಿಬ್ಬನ್ ಬದಲಿಸಿದರು. ಮಸಿ, ಮಶೀನಿನ ಎಣ್ಣೆ, ಬಿಸಿಲಿಗೆ ಕಾದ ಕಬ್ಬಿಣ, ಎಲ್ಲ ಸೇರಿದ ಒಂದು ವಾಸನೆ ಬಂತು ನೋಡಿ... ಅರ್ಜಿಯಲ್ಲಿ ಏನು ಬರೆಸಬೇಕೆಂಬುದೇ ಮರೆತುಹೋಯಿತು. ಶಿರಸಿಯ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ನಮ್ಮ ಅಕ್ಕೋರು ಕಣ್ಣೆದುರು ಬಂದು ನಿಂತರು.

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ಇವರು ಬನವಾಸಿಯಿಂದಲೂ ಆಚೆ, ಮೂಡಣ ಸೀಮೆಯವರು. ಗಂಡನ ಮನೆ ಬಿಟ್ಟು ಬಂದಿದ್ದರು, ತವರು ಕರೆದಿರಲಿಲ್ಲ. ಕ್ಲಾಸಿನ ಹಿಂದಿನ ಕೋಣೆಯಲ್ಲೇ ಒಬ್ಬರೇ ಇದ್ದರು. ತೊಂಬತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಮ್ಮಂಥ ಹುಡುಗಿಯರಿಗೆ, ಮದುವೆ ಗೊತ್ತಾಗುವ ತನಕ ಟೈಪಿಂಗು. ಅಕ್ಕೋರಿಗೆ ಅದು ಚೆನ್ನಾಗಿ ಗೊತ್ತಿತ್ತು. "ಲಗ್ನದ ಕಾರ್ಡನ್ನರ ನೀವ ಟೈಪ್ ಮಾಡ್ರೆವಾ, ತಪ್ಪಿಲ್ದಂಗ," ಎಂದು ಛೇಡಿಸುತ್ತಿದ್ದರು.

ಆ ವರ್ಷ ಕಾಲೇಜಿನ ಮೇಷ್ಟ್ರೊಬ್ಬರು ನಾಟಕ ಮಾಡಿಸಲು ಹೊರಟರು. ಯುರೋಪಿನ ಯಾವುದೋ ಚಳಿದೇಶದ, ನೂರು ವರ್ಷಕ್ಕೂ ಹಿಂದಿನ ನಾಟಕ. ಅವರೇ ಕನ್ನಡಕ್ಕೆ ತಂದಿದ್ದರು. ಅದರಲ್ಲಿ ರಾಜರಿಲ್ಲ, ದೇವರಿಲ್ಲ, ಯುದ್ಧವಿಲ್ಲ. ಒಂದು ಕೋಣೆ, ಒಂದು ಊಟದ ಮೇಜು, ಒಬ್ಬ ನ್ಯಾಯಾಧೀಶ, ಅವನ ಹೆಂಡತಿ. ಆ ಕಾಲದಲ್ಲಿ ಅಲ್ಲಿಯೂ ಹೆಂಗಸರ ಹೆಸರಿನಲ್ಲಿ ಆಸ್ತಿ ಇರಲಿಲ್ಲವಂತೆ, ಹೆತ್ತ ಮಕ್ಕಳ ಮೇಲೆ ಅಧಿಕಾರವಿರಲಿಲ್ಲವಂತೆ. ಅದನ್ನು ಪುರಾಣದ ಕತೆ ಮಾಡದೆ, ಮನೆಯೊಳಗೆ ಇದ್ದದ್ದು ಇದ್ದ ಹಾಗೆ ತೋರಿಸಿದ್ದೇ ಆಗಿನ ನಾಟಕದವರ ಹೆಚ್ಚುಗಾರಿಕೆ ಎಂದು ಮೇಷ್ಟ್ರು ವಿವರಿಸಿದರು. ಅಕ್ಕೋರು ಕೇಳಿ ನಕ್ಕರು. "ನೂರು ವರ್ಷದ ಹಿಂದಿಂದು ಅಂತೀರಲ್ರೀ ಸರ್... ನಮ್ಮ ಪಡಸಾಲ್ಯಾಗ ಮೇಜು ಒಂದು ಇರ್ಲಿಲ್ಲ. ಉಳಿದಿದ್ದೆಲ್ಲಾ ಹಿಂಗ ಇತ್ತು."

ಹೆಂಡತಿಯ ಪಾತ್ರ ಅವರಿಗೆ. ಆ ದಂಪತಿ ಸಾಕಿಕೊಂಡ, ಹೆಂಡತಿಯ ತಂಗಿಯ ಮಗಳ ಪಾತ್ರ ನನಗೆ. ನ್ಯಾಯಾಧೀಶನಾಗಿ ಬಂದವರು ನಮಗೆ ದೂರದ ನೆಂಟರು. ನಾವೆಲ್ಲ ಅರ್ಥದ ಮಾವ ಎನ್ನುತ್ತಿದ್ದೆವು. ತಾಳಮದ್ದಳೆಯಲ್ಲಿ ಅರ್ಥ ಹೇಳುವುದರಲ್ಲಿ ದೊಡ್ಡ ಹೆಸರು. ಪುರಾಣದ ಪಾತ್ರವಾಗಿ ವೇಷವಿಲ್ಲದೆ ಕೂತು, ಬರೆದ ಮಾತಿಲ್ಲದೆ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವಾದ ಕಟ್ಟುವ ಆಟ ಅದು. ಎದುರಿನವರ ಒಂದು ಮಾತನ್ನೂ ಉತ್ತರ ಕೊಡದೆ ಬಿಟ್ಟವರಲ್ಲ ಮಾವ.

ನಾಟಕದುದ್ದಕ್ಕೂ ಹೆಂಡತಿಗೆ ಹೇಳಿಕೊಳ್ಳುವಂಥ ಮಾತಿಲ್ಲ. 'ದೀಪ ಹಚ್ಚಲೇ', 'ಇನ್ನೂ ಸ್ವಲ್ಪ ಬಡಿಸಲೇ', ಅಷ್ಟೇ. ಕೊನೆಯ ದೃಶ್ಯದಲ್ಲಿ ಆ ಸಾಕುಹುಡುಗಿಯನ್ನು ನ್ಯಾಯಾಧೀಶನ ಮುದಿ ಗೆಳೆಯನಿಗೆ ಕೊಡುವುದೆಂದು ನಿಶ್ಚಯದ ಊಟ. ಎಲ್ಲರೂ ಎದ್ದು ನಿಂತು ಹರಸಬೇಕು. ಹೆಂಡತಿ ಮಾತ್ರ ಏಳುವುದಿಲ್ಲ. "ಈ ಸಂಬಂಧಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಏಳುವುದಿಲ್ಲ," ಎನ್ನುತ್ತಾಳೆ. ಗಂಡ ಉತ್ತರ ತೋಚದೆ ನಿಲ್ಲುತ್ತಾನೆ. ದೀಪ ಸಣ್ಣದಾಗುತ್ತದೆ, ಪರದೆ.

"ವಾದದಲ್ಲಿ ಸೋತದ್ದು ಇದೆ ಸರ್. ವಾದ ಮಾಡದೇ ಸೋತದ್ದಿಲ್ಲ," ಎಂದು ಮಾವ ತಾಲೀಮಿನಲ್ಲಿ ಗೊಣಗಿದರು.

"ಅದೇ ಬೇಕಾದ್ದು. ಅಲ್ಲಿ ನೀವು ಸೋಲ್ಬೇಕು," ಎಂದರು ಮೇಷ್ಟ್ರು.

ನಮ್ಮ ಅಜ್ಜಿಗೆ ಕತೆ ಹೇಳಿದೆ. "ಹೆಂಡ್ತಿ ಕೂತ್ಕಂಡೇ ಇರ್ತಡ, ಗಂಡ ನಿಂತ್ಕತ್ನಡ! ಎಂತಾ ನಾಟ್ಕನೇನ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ, "ಕಡಿಗೆ ಎದ್ಕತ್ತೇ ಇಲ್ಯಾ?" ಎಂದು ಮೆಲ್ಲಗೆ ಕೇಳಿದಳು.

ಅಕ್ಕೋರು ಆ ಎರಡು ವಾಕ್ಯಗಳನ್ನು ಮಶೀನಿನ ಮುಂದೆ ಕೂತಾಗಲೂ ಗುನುಗುತ್ತಿದ್ದರು. ಒಂದು ಸಂಜೆ ಕ್ಲಾಸು ಮುಗಿದ ಮೇಲೆ ನನಗೆ ಹೇಳಿದರು. "ನನ್ನ ನಿಶ್ಚಯದಾಗ ಹಿರಿಯಾರು ಕೇಳಿದ್ರು, ಒಪ್ಪಿಗಿ ಐತೇನವಾ ಅಂತ. ನಾ ಬಾಯಿ ತಗಿಯೂದ್ರಾಗ ನಮ್ಮ ಕಾಕಾ 'ಐತ್ರಿ' ಅಂದುಬಿಟ್ಟ. ಎಲ್ಲಾರೂ ಸಕ್ರಿ ತಿಂದ್ರು... ನನ್ನ 'ಇಲ್ಲ' ಅನ್ನೂ ಮಾತು ಇಲ್ಲೇ ಉಳದೈತಿ ನೋಡು." ಗಂಟಲು ಮುಟ್ಟಿ ತೋರಿಸಿದರು. "ನಾಟಕದಾಗರ ಅಂದು ಬಿಡ್ತೀನಿ."

ಶಿರಸಿಯಲ್ಲಿ ಮೊದಲ ಪ್ರದರ್ಶನ. ಜನ ಕಿಕ್ಕಿರಿದಿದ್ದರು, ಹೆಚ್ಚಿನವರು ಮಾವನ ಅಭಿಮಾನಿಗಳು. ಕೊನೆಯ ದೃಶ್ಯ ಬಂತು. ಮೇಜಿನ ಕೆಳಗೆ ಅಕ್ಕೋರು ನನ್ನ ಕೈ ಹಿಡಿದುಕೊಂಡಿದ್ದರು. ಅದು ನಾಟಕದಲ್ಲಿ ಇರಲಿಲ್ಲ. ಎಲ್ಲರೂ ಎದ್ದರು. ಅಕ್ಕೋರು ಕೂತೇ ಹೇಳಿದರು. ನಡುಗದೆ, ಕೂಗದೆ, ಯಾರಿಗೋ ನೀರು ಕೊಟ್ಟಷ್ಟು ಸಹಜವಾಗಿ.

ಮಾವ ಬರೆದಿದ್ದ ಹಾಗೇ ನಿಂತರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ಹೋಯ್, ಉತ್ರ ಹೇಳಿ!" ಎಂದರು.

ಮುಗಿಯಿತು. ಮಾವನ ಹೆಗಲು ಮೇಲಾದದ್ದು ಕಂಡೆ. ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಗೃಹಿಣಿ ಎಂದರೇನು, ಮನೆಯ ಮಾನ ಎಂದರೇನು, ಒಪ್ಪಿಗೆ ಎಂಬುದು ಕೇಳಿ ಪಡೆಯುವುದೋ ಪ್ರೀತಿಯಿಂದ ತಿಳಿಯುವುದೋ... ಎಂಥ ಮಾತು ಅಂತೀರಿ! ಚಳಿದೇಶದ ನ್ಯಾಯಾಧೀಶನ ಕೋಟಿನೊಳಗಿಂದ ಪುರಾಣದ ಮಹಾರಾಜರೆಲ್ಲ ಹೊರಗೆ ಬಂದರು. ಚಪ್ಪಾಳೆಯ ಮೇಲೆ ಚಪ್ಪಾಳೆ. ಪರದೆ ಎಳೆಯುವವನೂ ಹಗ್ಗ ಬಿಟ್ಟು ಕೇಳುತ್ತ ನಿಂತಿದ್ದ. ಕೊನೆಗೆ ಮಾವ ಕರುಣೆ ತುಂಬಿದ ದನಿಯಲ್ಲಿ, "ಏಳು," ಎಂದರು.

ಅಕ್ಕೋರು ಏಳಲಿಲ್ಲ. ತಮ್ಮ ಮಾತನ್ನು ಇನ್ನೊಮ್ಮೆ ಹೇಳಿದರು. ಚಪ್ಪಾಳೆಯಲ್ಲಿ ಅದು ಪಕ್ಕದಲ್ಲಿದ್ದ ನನಗೊಬ್ಬಳಿಗೆ ಕೇಳಿಸಿತು.

ಮಾವ ಕೆಟ್ಟವರಲ್ಲ. ಪರದೆ ಬಿದ್ದ ಮೇಲೆ ಮಗುವಿನಂತೆ ಹಿಗ್ಗುತ್ತ ಬಂದರು. "ತಂಗೀ, ಸಭೆ ಹೆಂಗೆ ಎದ್ದು ಕುಣೀತು ನೋಡಿದ್ಯಾ! ನೀನು ಸುಮ್ನೆ ಕೂತದ್ದೂ ಭಾಳ ಲಾಯ್ಕಾತು."

ಅಕ್ಕೋರು ಕುರ್ಚಿ ಬಿಟ್ಟಿರಲಿಲ್ಲ. "ಭಾಳ ಚಲೋ ಮಾತಾಡಿದ್ರಿ. ಆದ್ರ ಅಲ್ಲಿ ನೀವು ಸುಮ್ನಿರೂದಿತ್ರಿ. ಇಡೀ ನಾಟಕದಾಗ ನನಗಂತ ಇದ್ದದ್ದು ಅದೊಂದಽ ಮಾತು," ಎಂದರು. ಕೆಲಸದವರು ಎರವಲು ತಂದ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಒಯ್ದರು. ಅವರದ್ದೊಂದನ್ನು ಕೇಳಲಾರದೆ ಸುತ್ತುಹಾಕಿಕೊಂಡು ಓಡಾಡಿದರು.

ಮುಂದಿನ ತಿಂಗಳು ಸಿದ್ದಾಪುರದಲ್ಲಿ ಆಟ. ಮಾವನ ಆ ಮಾತು ಕೇಳಲೆಂದೇ ಅಲ್ಲಿಯವರು ಕರೆಸಿದ್ದರು. ಬರೆದ ಹಾಗೇ ಮುಗಿಸುವುದಾದರೆ ಮಾತ್ರ ಬರುತ್ತೇನೆಂದು ಅಕ್ಕೋರು ಹೇಳಿದರು. ಮೇಷ್ಟ್ರು ಎರಡೂ ಕಡೆ ಓಡಾಡಿ ಸೋತರು. ಕಡೆಗೆ ಹೆಂಡತಿಯ ಪಾತ್ರ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವ ಗಂಡಸೊಬ್ಬರಿಗೆ ಹೋಯಿತು. ಅವರು ಸೊಗಸಾಗಿ ಸೀರೆ ಉಟ್ಟು, ಸೊಗಸಾಗಿ ಎದುರು ವಾದ ಮಾಡಿ, ಸೊಗಸಾಗಿ ಸೋತು, ಕಣ್ಣೊರೆಸಿಕೊಂಡು ಎದ್ದು ನಿಂತರು. ಎಲ್ಲರಿಗೂ ತೃಪ್ತಿ.

ಜನ ಕರಗತೊಡಗಿದಾಗ ನೋಡುತ್ತೇನೆ, ಹಿಂದಿನ ಬೆಂಚಿನಲ್ಲಿ ಅಕ್ಕೋರು! ಬಸ್ಸು ಹಿಡಿದು ಒಬ್ಬರೇ ಬಂದಿದ್ದರು. ನಾನು ಬಣ್ಣ ಕೂಡ ತೆಗೆಯದೆ ಓಡಿದೆ. ಅವರಿಲ್ಲದ ಆಟದಲ್ಲೂ ಹುಡುಗಿಯ ಪಾತ್ರ ಮಾಡಿದ್ದಕ್ಕೆ ಬಯ್ಯುತ್ತಾರೆಂದುಕೊಂಡಿದ್ದೆ. ಅವರು ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

"ಇಬ್ರೂ ಅಷ್ಟು ಮಾತಾಡಿದ್ರಲ್ಲ... ಲಗ್ನ ಯಾರದು? ನಿಂದು. ಒಬ್ರರ ನಿನ್ನ ಕಡೆ ತಿರುಗಿ ನೋಡಿದ್ರೇನು?"

ನೋಡಿರಲಿಲ್ಲ. ಅವರು ಹೇಳುವ ತನಕ ನನಗೂ ಅದು ಹೊಳೆದಿರಲಿಲ್ಲ.

ಮರು ವರ್ಷ ನನ್ನ ಮದುವೆಯಾಗಿ ಯಲ್ಲಾಪುರದ ಕಡೆಗೆ ಬಂದೆ. ಎರಡು ಸಾವಿರದ ಈಚೆಗೆ ಶಿರಸಿಯ ಗಲ್ಲಿಗಲ್ಲಿಗೂ ಕಂಪ್ಯೂಟರ್ ಕ್ಲಾಸುಗಳಾದವು. ಅಕ್ಕೋರು ಮಶೀನುಗಳನ್ನು ಮಾರಿ ಊರ ಕಡೆ ಹೋದರೆಂದು ಕೇಳಿದೆ. ಯಾವ ಊರು ಎಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತೀರಿಕೊಂಡು ಕೆಲವು ವರ್ಷವಾಯಿತೆಂದು ಆ ಬಟ್ಟೆ ಅಂಗಡಿಯವರು ಹೇಳಿದರು, ಅವರೂ ಯಾರಿಂದಲೋ ಕೇಳಿದ್ದೇ. ಕೊನೆಗಾಲದಲ್ಲಿ ಹತ್ತಿರ ಯಾರಿದ್ದರೋ... ಇದ್ದರೋ ಇಲ್ಲವೋ.

ಮಾವನೂ ಈಗಿಲ್ಲ. ಕಳೆದ ವಾರ ಹೆಗಡೆಕಟ್ಟಾದಲ್ಲಿ ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಆ ನಾಟಕದ ಸುದ್ದಿ ಎದ್ದಿತು. ಇಷ್ಟು ವರ್ಷವಾದರೂ ಜನ ಮಾವನ ಆ ಮಾತನ್ನು ಸಾಲುಸಾಲಾಗಿ ಹೇಳುತ್ತಾರೆ, ಎಲ್ಲಿ ನಿಲ್ಲಿಸಿದ್ದರು ಎಂಬುದನ್ನೂ ಬಿಡದೆ. ನಾನು ಬಡಿಸುತ್ತಿದ್ದವಳು ನಿಂತು, "ಅದಕ್ಕೂ ಮೊದಲು ಅಕ್ಕೋರ ಒಂದು ಮಾತಿತ್ತಲ," ಎಂದೆ.

"ಹೌದಾ? ಅಕ್ಕೋರಿಗೂ ಮಾತಿತ್ತಾ?" ಎಂದರು ಒಬ್ಬರು, ನಿಜವಾಗಿಯೂ ಆಶ್ಚರ್ಯದಿಂದ.

ಇತ್ತು ಎಂದೆ. ಹೇಳಿಯೂ ತೋರಿಸಿದೆ. ಅಷ್ಟರಲ್ಲಿ ಪಂಕ್ತಿ ಮಾವನ ಮಾತಿನ ಮುಂದಿನ ಸಾಲಿಗೆ ಹೋಗಿತ್ತು.