ಮುಂದಿನ ಭಾಗಗಳ ಮೇಲೆ ಹಲ್ಲಿನವಳ ತಕರಾರು

ಮೊದಲ ಮಹಡಿಯ ಆ ಸಣ್ಣ ಕೋಣೆಗೆ ಯಾರೇ ಹೋಗಲಿ, ಕಣ್ಣಿಗೆ ಮೊದಲು ಬೀಳುವುದು ಹಲ್ಲುಗಳು. ಬಿಳಿ ಪ್ಲಾಸ್ಟರಿನ ದವಡೆಗಳು ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಬಾಯಿ ತೆರೆದು ಕೂತಿರುತ್ತವೆ. ಆಮೇಲೆ ಗುಲಾಬಿ ಮೇಣದ ವಾಸನೆ, ಪಾಲಿಶ್ ಮೋಟಾರಿನ ಗುಂಯ್ ಎಂಬ ಸದ್ದು, ಅದರ ಹಿಂದೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ಹೊಂದುವ ಹಲ್ಲಿನ ಸೆಟ್ಟನ್ನು ಅವಳು ಮಾಡಿಕೊಡುತ್ತಾಳೆ. ಬೀದಿಯವರ ಬಾಯಲ್ಲಿ ಅವಳು ಹಲ್ಲಿನವಳು. ನಲವತ್ತು ದಾಟಿದೆ, ಮಕ್ಕಳಿಲ್ಲ, ಗಂಡ ತೀರಿಹೋಗಿ ಕೆಲವು ವರ್ಷಗಳಾದವು. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಅವಳನ್ನು ಸರಿಯಾಗಿ ತಿಳಿಯಬೇಕಾದರೆ ವಿಡಿಯೋ ಗೇಮಿನ ಮಾತೆತ್ತಬೇಕು, ಎತ್ತುವ ಮೊದಲು ಅವತ್ತಿಗೆ ತನಗೆ ಬೇರೆ ಕೆಲಸವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು.

ಅವಳ ಆಟದ ಹೆಸರು 'ಹೊಳೆದಾರಿ'. ಒಬ್ಬ ಹುಡುಗಿ ಹರಿವಿಗೆದುರಾಗಿ ಹುಟ್ಟು ಹಾಕುತ್ತ, ದಡದಿಂದ ದಡಕ್ಕೆ ಜನರ ಸಾಮಾನು ಸಾಗಿಸುತ್ತ, ಹೊಳೆ ಹುಟ್ಟುವ ಜಾಗ ತಲುಪಬೇಕು. ಅಷ್ಟೇ ಆಟ. ಮೊದಲ ಭಾಗ ಬಂದಾಗ ಅವಳು ಹೊಸ ಸೊಸೆ. ಈಗ ಆರು ಭಾಗಗಳಾಗಿ ಏಳನೆಯದರ ಜಾಹೀರಾತು ಶುರುವಾಗಿದೆ. ಆರರ ಮೇಲೂ ಅವಳ ತೀರ್ಪು ಸಿದ್ಧ. ಮೊದಲನೆಯದರಲ್ಲಿ ನಕ್ಷೆ ಇರಲಿಲ್ಲ; ದಾರಿ ಬೇಕಾದರೆ ದೋಣಿ ಕಟ್ಟಿ, ದಡ ಹತ್ತಿ, ಯಾರನ್ನಾದರೂ ಕೇಳಬೇಕಿತ್ತು. ಎರಡನೆಯದರಲ್ಲಿ ನಕ್ಷೆ ಕೊಟ್ಟರು. "ಅಲ್ಲಿಗೆ ಮುಗೀತು," ಎನ್ನುತ್ತಾಳೆ. "ನಕ್ಷೆ ಬಂದ್ಮೇಲೆ ದಡದಲ್ಲಿ ಜನ ಯಾಕೆ? ಬಸ್ ತಪ್ಪಿದೋರ ಥರ ಸುಮ್ನೆ ನಿಂತಿರ್ತಾರೆ." ಮೂರನೆಯದರಲ್ಲಿ ಹೊಳೆಯನ್ನು ಸಮುದ್ರದಷ್ಟು ಅಗಲ ಮಾಡಿ, ಅದರಲ್ಲಿ ಮಾಡಲು ಏನೂ ಇಡಲಿಲ್ಲ. ನಾಲ್ಕನೆಯದರಲ್ಲಿ ದೋಣಿಗೆ ಫಿರಂಗಿ ಕಟ್ಟಿದರು. ಐದನೆಯದು 'ಮತ್ತೆ ಮೊದಲಿನಂತೆ' ಎಂದು ಡಂಗುರ ಹೊಡೆದುಕೊಂಡು ಬಂತು. ನೀರು ಎಷ್ಟು ಚೆನ್ನಾಗಿತ್ತೆಂದರೆ ಕೈ ಅದ್ದಬೇಕೆನಿಸುತ್ತಿತ್ತು, ಆದರೆ ದಡದ ಜನರ ಬಳಿ ಆಡಲು ಒಂದು ಮಾತಿರಲಿಲ್ಲ. ಆರನೆಯದನ್ನು ಅವಳು ಅರ್ಧಕ್ಕೇ ಕೈಬಿಟ್ಟಳು. "ಬೋರ್ಡು ಮಾತ್ರ ಹಳೇದು, ಅಡುಗೆಯೋರೆಲ್ಲ ಬದಲಾಗಿದಾರೆ. ಹೆಸರು ನೋಡಿ ಒಳಗೆ ಹೋದೋರು ಉಪ್ಪಿಲ್ಲದ್ದು ತಿಂದು ಬರ್ಬೇಕು."

ಹೀಗೆ ಬೈದವಳು ಒಂದೊಂದು ಭಾಗವನ್ನೂ ಬಂದ ದಿನವೇ ಮನೆಗೆ ತಂದಿದ್ದಾಳೆ. ಅದನ್ನು ಯಾರಾದರೂ ನೆನಪಿಸಿದರೆ ಮೋಟಾರು ಚಾಲೂ ಮಾಡಿ ಕೇಳಿಸಲಿಲ್ಲ ಎಂದು ಕಿವಿ ತೋರಿಸುತ್ತಾಳೆ.

ಈ ಎಲ್ಲ ತಕರಾರುಗಳಿಗಿಂತ ದೊಡ್ಡದೊಂದಿದೆ, ಅದು ಅವಳದಲ್ಲ, ಅವಳ ಅತ್ತೆಯದು. ಮದುವೆಯಾದ ಹೊಸದರಲ್ಲಿ ಸಂಜೆ ಅವಳು ಆಡಲು ಕೂತರೆ, ಬ್ರೆಡ್ಡಿನ ವ್ಯಾನ್ ಓಡಿಸುತ್ತಿದ್ದ ಗಂಡ ಪಕ್ಕದಲ್ಲೇ ಉರುಳಿಕೊಂಡು ನಿದ್ದೆ ಹೋಗುತ್ತಿದ್ದ. ನಡುವೆ ಒಂದು ಕಣ್ಣು ತೆರೆದು, "ದಡ ಸೇರ್ತಾ?" ಎಂದು ಕೇಳಿ ಮತ್ತೆ ಮಲಗುತ್ತಿದ್ದ. ಅತ್ತೆ ಮಾತ್ರ ಕುರ್ಚಿಯ ತುದಿಯಲ್ಲಿ ಕೂತು, ಎಡಕ್ಕೆ ತಿರುಗಿಸು, ಕಲ್ಲಿದೆ ನೋಡು, ಎಂದು ಅಪ್ಪಣೆ ಕೊಡುತ್ತಿದ್ದರು. ಮೊದಲ ಭಾಗದ ಮೂರನೇ ದಡದಲ್ಲಿ ಒಲೆಯ ಮುಂದೆ ಕೂತ ಒಬ್ಬ ಮುದುಕಿ ಸಿಗುತ್ತಾಳೆ. ದಾರಿ ಕೇಳಿದರೆ ಮೊದಲು ಊಟ ಆಯ್ತಾ ಎಂದು ಕೇಳುವವಳು. ಅತ್ತೆಗೆ ಅವಳೆಂದರೆ ಪ್ರಾಣ. ಎರಡನೇ ಭಾಗದಲ್ಲಿ ಅದೇ ದಡಕ್ಕೆ ಬಂದಾಗ ಅಲ್ಲಿ ಹಗ್ಗದ ಅಂಗಡಿ ಇತ್ತು. "ಆ ಮುದುಕಿ ಎಲ್ಲಿಗೆ ಹೋದ್ಲು?" ಎಂದರು ಅತ್ತೆ. ಸೊಸೆ ಹೊಳೆಯ ಉದ್ದಕ್ಕೂ ಒಂದು ದಡ ಬಿಡದೆ ಹುಡುಕಿದಳು. ಮುದುಕಿ ಎಲ್ಲಿಯೂ ಇರಲಿಲ್ಲ, ಅವಳ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. "ಸತ್ತೋದ್ಲು ಅಂತಾನಾದ್ರೂ ಹೇಳ್ಬಾರ್ದಾ," ಎಂದು ಅತ್ತೆ ನೊಂದುಕೊಂಡರು. "ಕಥೆ ಮುಂದಕ್ಕೆ ಹೋಗ್ಲಿ, ಬೇಡ ಅಂದೋರ್ಯಾರು. ಊಟ ಹಾಕ್ದೋಳನ್ನ ಒಂದ್ಸಲ ತಿರುಗಿ ನೋಡ್ಬೇಕಪ್ಪ." ಅಲ್ಲಿಂದ ಮುಂದೆ ಹೊಸ ಭಾಗ ಬಂದಾಗೆಲ್ಲ ಅತ್ತೆ ಸೊಸೆ ಇಬ್ಬರೂ ಮೊದಲು ನೋಡುತ್ತಿದ್ದುದು ಮೂರನೇ ದಡವನ್ನೇ.

ಗಂಡ ಹೋದ ಮೇಲೆ ಅತ್ತೆ, ಸೊಸೆ ಇಬ್ಬರೇ ಉಳಿದರು. ಅಳುವುದೆಲ್ಲ ಮುಗಿದ ಮೇಲೆ ಒಂದು ಸಂಜೆ ಅತ್ತೆಯೇ ಟಿವಿಯ ಧೂಳು ಒರೆಸಿ, "ಹಾಕು, ಮೊದಲನೇದು ಹಾಕು" ಎಂದಿದ್ದರು.

ಇನ್ನು ಕನ್ನಡಕದವನ ವಿಷಯ. ಅವನ ಕನ್ನಡಕದ ಅಂಗಡಿ ಅದೇ ಕಟ್ಟಡದ ಕೆಳಗೆ. ಹಳೆಯ ಮದುವೆಯೊಂದು ಎಂದೋ ಮುರಿದುಬಿದ್ದು ಒಂಟಿಯಾಗಿದ್ದವನು. ಮೋಟಾರಿನ ಚಕ್ರ ಕಡ ಕೇಳಲು ಒಮ್ಮೆ ಮೇಲೆ ಬಂದವನು, ಗೋಡೆಯ ಮೇಲಿದ್ದ ದೋಣಿಯ ಚಿತ್ರ ಕಂಡು, ಆ ಸರಣಿಯಲ್ಲಿ ನಾಲ್ಕನೇ ಭಾಗವೇ ಎಲ್ಲಕ್ಕಿಂತ ಚೆನ್ನ ಎಂದುಬಿಟ್ಟ. ಹಲ್ಲಿನವಳು ಮುಖದ ಬಟ್ಟೆ ಬಿಚ್ಚಿದಳು. ಅವತ್ತು ಶುರುವಾದ ಜಗಳ ವರ್ಷಗಟ್ಟಲೆ ನಡೆಯಿತು. ಅವನು ಸಂಭಾಷಣೆಗಳನ್ನೆಲ್ಲ ಒತ್ತಿ ಹಾರಿಸಿ ಆಡುವ ಜಾತಿ. ಅವಳು ಎರಡು ಸಲ ಓದುವ ಜಾತಿ. "ನೀವು ಆಟನ ಆಟದ ಜೊತೆ ಹೋಲಿಸ್ತಿಲ್ಲ ಕಣ್ರೀ," ಎಂದ ಒಮ್ಮೆ. "ಈಗಿನ ನಿಮ್ಮನ್ನ ಆಗಿನ ನಿಮ್ಮ ಜೊತೆ ಹೋಲಿಸ್ತಿದೀರಿ. ಮೊದಲನೇ ಭಾಗ ಇವತ್ತು ಹೊಸದಾಗಿ ಬಂದ್ರೂ ನಿಮಗೆ ಹಿಡಿಸಲ್ಲ." ಅವಳಿಗೆ ಮೈಯೆಲ್ಲ ಉರಿಯಿತು. ಮಾತು ಸ್ವಲ್ಪ ನಿಜವಿರಬಹುದೆಂಬ ಅನುಮಾನಕ್ಕೆ ಇನ್ನೂ ಉರಿಯಿತು.

ಒಂದು ಮಧ್ಯಾಹ್ನ ಅವನು ಅವಳ ಮೋಟಾರಿನಲ್ಲಿ ಕನ್ನಡಕದ ಚೌಕಟ್ಟೊಂದನ್ನು ಪಾಲಿಶ್ ಮಾಡಿಕೊಳ್ಳುತ್ತ, ಮುಖ ಎತ್ತದೆ, "ಏಳನೇ ಭಾಗ ಬರ್ತಾ ಇದೆ. ಇಬ್ರೂ ಒಂದೇ ಮನೇಲಿ ಕೂತು ಆಡಿದ್ರೆ ಹೇಗೆ?" ಎಂದ. ಅವಳು ಕೆಲಸ ನಿಲ್ಲಿಸಿದ್ದು ಕಂಡು, "ಅಂದ್ರೆ, ಮದುವೆ ಆಗಿ," ಎಂದು ಸೇರಿಸಿದ. ಯೋಚಿಸಿ ಹೇಳುತ್ತೇನೆ ಎಂದಳು. ಅವಳ ಮನಸ್ಸು ಆಗಲೇ ಹೂಂ ಎಂದಿತ್ತು. ಅವಳಿಗೇ ಅದು ನಾಚಿಕೆಯೆನಿಸುವಷ್ಟು ಬೇಗ.

ಅದೇ ವಾರ ಅವಳು ಅತ್ತೆಗೆ ಹೊಸ ಸೆಟ್ಟು ಮಾಡಿ ಮುಗಿಸಿದ್ದಳು. ಇಲ್ಲಿ ಅವಳ ಕಸುಬಿನ ಒಂದು ಮಾತು ಹೇಳಬೇಕು. ಎರಡನೇ ಸಲ ಹಲ್ಲು ಕಟ್ಟಿಸುವ ಪ್ರತಿಯೊಬ್ಬರೂ ಕೇಳುವುದು ಒಂದೇ: ಹಳೆಯದರ ಹಾಗೇ ಇರಲಿ, ಕೂದಲೆಳೆಯಷ್ಟೂ ಬದಲಾಗಬಾರದು. ಅವಳು ಹೂಂ ಎಂದು ತಲೆಯಾಡಿಸಿ, ಹಳೆಯದನ್ನು ಬದಿಗಿಟ್ಟು, ಹೊಸ ಅಚ್ಚಿನ ಮೇಲೆಯೇ ಮಾಡುತ್ತಾಳೆ. ಯಾಕೆಂದರೆ ಹಲ್ಲು ಹಾಗೇ ಇದ್ದರೂ ಒಸಡು ವರ್ಷ ವರ್ಷ ಸವೆದು ಇಳಿದಿರುತ್ತದೆ; ಹಳೆಯದರ ಪಡಿಯಚ್ಚು ಆ ಬಾಯಿಯಲ್ಲಿ ನಿಲ್ಲುವುದಿಲ್ಲ. ಇದು ಅವಳಿಗೆ ಕರತಲಾಮಲಕ. ಆದರೆ ಅತ್ತೆ, "ನೀನು ಬಂದ ವರ್ಷ ಮಾಡ್ಕೊಟ್ಟಿದ್ಯಲ್ಲ, ಅಂಥದ್ದೇ ಬೇಕು" ಎಂದಾಗ ಬುದ್ಧಿಗೆ ಮಂಕು ಕವಿಯಿತು. ಅದು ಅವಳ ಕೈಯ ಮೊದಲ ಸೆಟ್ಟು. ಅದನ್ನೇ ಮತ್ತೆ ಮಾಡುವ ಆಸೆ ಅತ್ತೆಗಿಂತ ಅವಳಿಗೇ ಹೆಚ್ಚಾಯಿತು. ಸವೆದ ಹಳೆಯದನ್ನೇ ಅಚ್ಚು ಮಾಡಿ, ಸವೆದಲ್ಲಿ ತುಂಬಿ, ಥೇಟ್ ಹಾಗೇ ಮಾಡಿಕೊಟ್ಟಳು. ಅತ್ತೆ ಕನ್ನಡಿ ನೋಡಿ ನಕ್ಕರು.

ಅವತ್ತು ಸಂಜೆಯೇ ಅವಳು ಕನ್ನಡಕದವನ ವಿಷಯ ಹೇಳಿದಳು. ಅತ್ತೆ "ಹೂಂ" ಎಂದು ಎದ್ದು ಒಳಗೆ ಹೋದರು. ಮಾರನೆಯ ದಿನದಿಂದ ಅತ್ತೆಯ ಬಾಯಿಗೆ ಬೀಗ ಬಿತ್ತು. ಕೇಳಿದ್ದಕ್ಕೆ ತಲೆಯಾಡಿಸುವುದು, ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುವುದು. ಸಂಜೆ ಟಿವಿಯ ಮುಂದೆ ಕೂತರೂ, ದೋಣಿ ಕಲ್ಲಿಗೆ ನೇರ ಹೋಗಿ ಬಡಿದರೂ, ಅತ್ತೆ ತುಟಿಪಿಟಕ್ಕೆನ್ನಲಿಲ್ಲ.

ವಿಷಯ ಹೇಗೋ ನಾದಿನಿಗೂ ಮುಟ್ಟಿತು. ಬೇರೆ ಊರಿನಲ್ಲಿದ್ದ ಅವಳು ಫೋನ್ ಮಾಡಿ, ಕೋಪವಿಲ್ಲದೆ, ಲೆಕ್ಕ ಮುಗಿಸುವವಳಂತೆ ಹೇಳಿದಳು: "ನೀವು ಮದುವೆ ಆಗಿ ಅತ್ತಿಗೆ, ತಪ್ಪೇನಿಲ್ಲ. ಅಮ್ಮನ್ನ ನಾನು ಕರ್ಕೊಂಡು ಬರ್ತೀನಿ. ಅಣ್ಣ ಹೋದ್ಮೇಲೂ ಇಷ್ಟು ದಿನ ನೋಡ್ಕೊಂಡ್ರಲ್ಲ, ಅದೇ ದೊಡ್ಡದು. ಇನ್ನು ನಿಮಗೂ ಅವರಿಗೂ ಸಂಬಂಧ ಅಂತ ಏನಿರುತ್ತೆ?" ಹಲ್ಲಿನವಳು ಆ ಮಾತಿನಲ್ಲಿ ಹುಳುಕು ಹುಡುಕಿದಳು, ಸಿಗಲಿಲ್ಲ. ತನ್ನ ಕಥೆ ಮುಂದಕ್ಕೆ ಹೋಗಬೇಕಾದರೆ ಅತ್ತೆ ಆ ಮುದುಕಿಯ ಹಾಗೆ ಇಲ್ಲವಾಗಬೇಕು. ಅವರ ಜಾಗದಲ್ಲಿ ಒಂದು ಹಗ್ಗದ ಅಂಗಡಿ ಬರುತ್ತದೆ. ಅತ್ತೆಯ ಮೌನದ ಅರ್ಥ ಇದೇ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಮರುದಿನ ಕೆಳಗಿಳಿದು ಕನ್ನಡಕದವನಿಗೆ, "ಬೇಡ ಬಿಡಿ" ಎಂದಳು.

ಅವನು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದ. "ನಾಲ್ಕನೇ ಭಾಗದ ಬಗ್ಗೆ ಹೇಳಿದ್ದೆಲ್ಲ ವಾಪಸ್ ತಗೋತೀನಿ, ಬೇಕಾದ್ರೆ."

"ಅದಕ್ಕಲ್ಲ."

"ಹಾಗಾದ್ರೆ ಅದು ಚೆನ್ನಾಗೇ ಇದೆ," ಎಂದ. ನಗಲು ನೋಡಿದ, ಆಗಲಿಲ್ಲ. ಅವಳು ಮೇಲೆ ಬಂದು ಯಾರದೋ ದವಡೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿ ಹಾಳು ಮಾಡಿದಳು.

ಆ ವಾರವೇ ಒಂದು ದಿನ ಮೋಟಾರು ಸುಟ್ಟುಹೋಗಿ, ಅವಳು ಹೊತ್ತಿಗೆ ಮುಂಚೆ ಮನೆಗೆ ಹೋದಳು. ಬಾಗಿಲ ಬಳಿಯೇ ಅತ್ತೆಯ ದನಿ ಕೇಳಿಸಿತು. ಕಿಟಕಿಯಾಚೆಯ ಪಕ್ಕದ ಮನೆಯವಳ ಜೊತೆ ಹರಟೆ, ನಗು, ಧಾರಾಳವಾಗಿ. ಎಲ್ಲರ ಹತ್ತಿರ ಮಾತು, ತನ್ನೊಬ್ಬಳ ಹತ್ತಿರ ಮೌನ. ಅವಳಿಗೆ ಕಣ್ಣು ತುಂಬಿ ಬಂತು. ಚಪ್ಪಲಿಯ ಸದ್ದಿಗೆ ಅತ್ತೆ ತಿರುಗಿದರು. ಬೊಚ್ಚುಬಾಯಿ. ಗಾಬರಿಯಲ್ಲಿ ಬಟ್ಟಲಿನಿಂದ ಹಲ್ಲು ತೆಗೆದು ಬಾಯಿಗೆ ತುರುಕಿಕೊಂಡರು, ಮುಖ ಕಿವುಚಿಕೊಂಡು ಮತ್ತೆ ತುಟಿ ಮುಚ್ಚಿದರು.

"ಬಾಯಿ ತೆಗೀರಿ ಅತ್ತೆ," ಎಂದಳು.

ಅತ್ತೆ ಒಲ್ಲೆನೆಂದು ತಲೆಯಾಡಿಸಿದರು.

"ತೆಗೀರಿ ಅಂದ್ರೆ ತೆಗೀರಿ."

ಒಸಡಿನ ಉದ್ದಕ್ಕೂ ಕೆಂಪಗೆ ಹುಣ್ಣು. ಅವಳು ನೋಡುತ್ತ ನಿಂತಳು. ಪರರ ಬಾಯಿಯಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದಳು. "ಯಾಕೆ ಹೇಳ್ಲಿಲ್ಲ?"

"ಅಷ್ಟು ಪ್ರೀತಿಯಿಂದ ನೀನು ಮಾಡಿದ್ದೆ," ಎಂದರು ಅತ್ತೆ. "ಹೇಗೆ ಹೇಳ್ಲಿ? ಇವತ್ತು ಕೂತ್ಕೊಳ್ಳುತ್ತೆ, ನಾಳೆ ಕೂತ್ಕೊಳ್ಳುತ್ತೆ ಅಂತ ಕಾದೆ."

ಹುಣ್ಣು ಮಾಯುವವರೆಗೆ ಮನೆಯಲ್ಲಿ ಗಂಜಿಯ ಮಾತು, ಮುಲಾಮಿನ ಮಾತು. ಮದುವೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಸೊಸೆಯೇ ಹೇಳಲಿ ಎಂದು ಅತ್ತೆ, ಕೇಳಿದರೆ ಅತ್ತೆಯ ಜೀವ ನೋಯುತ್ತದೆಂದು ಸೊಸೆ. ಇಬ್ಬರಿಗೂ ಇನ್ನೊಬ್ಬರ ಮೇಲೆ ಅಷ್ಟು ಕಾಳಜಿ. ಅದರಿಂದಾದ ತೊಂದರೆಯೂ ಅಷ್ಟೇ.

ಹೊಸ ಅಚ್ಚು ತೆಗೆಯಲು ಅತ್ತೆಯನ್ನು ಕೆಲಸದ ಕೋಣೆಗೇ ಕರೆತಂದಳು. ಅದು ವೈದ್ಯರ ಕೆಲಸ, ಆದರೆ ಅತ್ತೆ ಬೇರೆಯವರ ಕೈಗೆ ಬಾಯಿ ಕೊಡಲು ಒಪ್ಪಲಿಲ್ಲ. ಕೊರಳಿಗೆ ಟವೆಲ್ ಕಟ್ಟಿ, ಗುಲಾಬಿ ಹಿಟ್ಟು ಕಲಸಿ, ದವಡೆಯಾಕಾರದ ತಟ್ಟೆಯಲ್ಲಿ ತುಂಬಿ, ಬಾಯೊಳಗೆ ಒತ್ತಿ ಎರಡೂ ಕೈಯಲ್ಲಿ ಹಿಡಿದಳು. ಹಿಟ್ಟು ಗಟ್ಟಿಯಾಗುವವರೆಗೆ ಅಲ್ಲಾಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಅತ್ತೆಯ ಕಣ್ಣು ಅವಳ ಕಣ್ಣಿನ ಮುಂದೆಯೇ ಇತ್ತು. ಅತ್ತೆ ಉತ್ತರ ಕೊಡಲಾಗದ ಆ ಹೊತ್ತಿನಲ್ಲೇ ಅವಳಿಗೆ ಮಾತು ಬಂತು.

"ನಿಮಗೆ ಬೇಜಾರಾಗಿ ಮಾತು ಬಿಟ್ರಿ ಅಂದ್ಕೊಂಡೆ. ಅದಕ್ಕೇ ಅವರಿಗೆ ಬೇಡ ಅಂತ ಹೇಳ್ಬಿಟ್ಟೆ."

ಅತ್ತೆಯ ಕಣ್ಣು ಅಗಲವಾಯಿತು. ಗಂಟಲಿನಿಂದ ಉಂ ಉಂ ಎಂಬ ಸದ್ದು.

"ಮಾತಾಡ್ಬೇಡಿ, ಅಚ್ಚು ಕೆಡುತ್ತೆ. ನಿಜ ಹೇಳ್ತೀನಿ ಅತ್ತೆ, ನಂಗೆ ಅವರು ಬೇಕು. ಆದ್ರೆ ನಿಮ್ಮನ್ನ ನಿಮ್ಮ ಮಗಳು ಊರಿಗೆ ಕರ್ಕೊಂಡು ಹೋಗ್ತಾಳಂತೆ. ನಮ್ಮಿಬ್ರನ್ನ ಸೇರ್ಸಿದ್ದು ನಿಮ್ಮ ಮಗ ಒಬ್ರೇ, ಅವರೇ ಇಲ್ಲ. ಯಾವ ಬಾಯಲ್ಲಿ ನಿಮ್ಮನ್ನ ಇರಿ ಅಂತ ಕೇಳ್ಲಿ?"

ಅವಳ ಮೂಗು ಸೋರತೊಡಗಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅತ್ತೆ ತಮ್ಮ ಕೊರಳ ಟವೆಲಿನ ತುದಿ ಎತ್ತಿ, ಎಳೆಮಗುವಿಗೆ ಒರೆಸುವ ಹಾಗೆ ಗಟ್ಟಿಯಾಗಿ ಒರೆಸಿದರು.

ತಟ್ಟೆ ಪಚಕ್ಕನೆ ಹೊರಗೆ ಬಂತು. ಬಾಯಿ ಮುಕ್ಕಳಿಸಲು ನೀರು ಕೊಟ್ಟರೆ ಅತ್ತೆ ಲೋಟ ದೂಡಿ, "ಫೋನ್ ಕೊಡು" ಎಂದರು. ನಾದಿನಿಯ ನಂಬರು ಹಾಕಿಸಿಕೊಂಡು ಕಿವಿಗಿಟ್ಟುಕೊಂಡರು. ಹಲ್ಲಿಲ್ಲದ ಬಾಯಲ್ಲಿ ಗಾಳಿ ಹೋಗುತ್ತಿತ್ತು, ಆದರೂ ಒಂದೊಂದು ಮಾತೂ ಸ್ಪಷ್ಟವಿತ್ತು.

"ಕೇಳಿಸ್ತಾ? ಮಗಳಿಗೆ ಗಂಡು ಗೊತ್ತು ಮಾಡ್ತಾ ಇದೀನಿ."

ಆ ಕಡೆಯಿಂದ ಯಾವ ಮಗಳು ಎಂದಿದ್ದು ಕೋಣೆಗೆಲ್ಲ ಕೇಳಿಸಿತು.

"ಇನ್ಯಾವಳು, ನಿನಗಿಂತ ದೊಡ್ಡೋಳು. ಅವಳಿಗೆ ತಾಯಿ ಕಡೆಯೋರು ಅಂತ ಬೇರೆ ಯಾರಿದಾರೆ? ನಾವೇ ಹೆಣ್ಣಿನ ಕಡೆ. ನೀನು ಎರಡು ದಿನ ಮುಂಚೆನೇ ಬಂದು ಕೆಲಸಕ್ಕೆ ನಿಲ್ಬೇಕು. ನಾನೆಲ್ಲೂ ಬರಲ್ಲ, ಮಗಳ ಮನೇಲಿ ಇರ್ತೀನಿ."

ಫೋನ್ ಹಿಂದಕ್ಕೆ ಕೊಟ್ಟು, ಆಮೇಲೆ ಬಾಯಿ ಮುಕ್ಕಳಿಸಿದರು. ಸೊಸೆ ಅಚ್ಚನ್ನು ಹಿಡಿದು ಕಲ್ಲಿನಂತೆ ನಿಂತಿದ್ದುದನ್ನು ಕಂಡು, ನೆಲಕ್ಕೆ ಕೈ ತೋರಿಸಿದರು.

"ಕೆಳಗಿರೋನಿಗೆ ಹೇಳು. ಮೋಟಾರ್ ಹತ್ರ ನಿಂತು ಕೇಳಿದ್ದು ಲೆಕ್ಕಕ್ಕಿಲ್ಲ. ಹೆಣ್ಣು ಬೇಕಿದ್ರೆ ಮೇಲೆ ಬಂದು ಅವಳ ಅಮ್ಮನ್ನ ಕೇಳ್ಲಿ."

ಹಲ್ಲಿನವಳು ಅಚ್ಚು ಒಣಗದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮುಖವನ್ನೂ ತೊಳೆಯದೆ ಮೆಟ್ಟಿಲು ಇಳಿದಳು.