ಐದನೇ ಗೇರು

ಊರಿನಲ್ಲಿ ಗಾಳಿ ಸೀಳಿಕೊಂಡು ಓಡುವ ಕಾರುಗಳೆಲ್ಲ ಹೊರಬರುತ್ತಿದ್ದದ್ದು ಅವನ ಗ್ಯಾರೇಜಿನಿಂದಲೇ. ಆದರೂ ಜನ ಅವನನ್ನು ಕರೆಯುತ್ತಿದ್ದದ್ದು ನಿಧಾನಪ್ಪ ಅಂತ. ಒಂದು ಬೋಲ್ಟು ಕೂರಿಸಬೇಕಾದರೂ ಅದನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿ, ಆಮೇಲೆ ಕೈ ಹಾಕುವ ಆಸಾಮಿ. "ಅವನ ಹತ್ರ ಗಾಡಿ ಬಿಟ್ಟು ಹೋಗಿ, ನಿಮ್ಮ ಮಗು ಲೈಸೆನ್ಸ್ ತಗೊಳೋ ಹೊತ್ತಿಗೆ ವಾಪಸ್ ಸಿಗುತ್ತೆ" ಅಂತ ಗಿರಾಕಿಗಳು ನಗೆಯಾಡುತ್ತಿದ್ದರು. ನಗೆಯಾಡಿದವರೇ ಮತ್ತೆ ಬರುತ್ತಿದ್ದರು. ಅವನು ಶಕ್ತಿ ಏರಿಸಿಕೊಟ್ಟ ಇಂಜಿನ್ ನಡುದಾರಿಯಲ್ಲಿ ಕೈಕೊಟ್ಟದ್ದು ಯಾರಿಗೂ ನೆನಪಿರಲಿಲ್ಲ.

ಗ್ಯಾರೇಜಿನ ಮೇಲಿನ ಎರಡು ಕೋಣೆಗಳಲ್ಲಿ ಅವನ ತಂಗಿ ಮತ್ತು ಅವಳ ಮಗಳು ಇದ್ದರು. ತಂಗಿಯ ಗಂಡ ಬಹಳ ಹಿಂದೆಯೇ ಬೇರೆ ಕಡೆ ಬೇರೆ ಸಂಸಾರ ಹೂಡಿಕೊಂಡಿದ್ದ. ಮದುವೆಯ ಗೋಜಿಗೇ ಹೋಗದ ನಿಧಾನಪ್ಪ ಇಬ್ಬರನ್ನೂ ಕರೆತಂದು ಮೇಲೆ ಇರಿಸಿ, ತಾನು ಕೆಳಗೆ ಬಿಡಿಭಾಗಗಳ ಕಪಾಟಿನ ಹಿಂದೆ ಒಂದು ಮಂಚ ಹಾಕಿಕೊಂಡ. ತಂಗಿ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದಳು. ಇಂಜಿನ್ ಶಕ್ತಿ ಅಳೆಯುವ ಯಂತ್ರದ ರೋಲರುಗಳ ಮೇಲೆ ಅವನು ಕಾರು ಕಟ್ಟಿ ಪೂರ್ತಿ ಓಡಿಸಿದಾಗ ಮೇಲೆ ಅವಳ ಮೇಜಿನ ಕತ್ತರಿ ತಾನೇ ತಾನಾಗಿ ಸರಿದು ಅಂಚಿಗೆ ಬರುತ್ತಿತ್ತು. ಅದನ್ನು ಹಿಂದಕ್ಕೆ ತಳ್ಳಿ ಹೊಲಿಗೆ ಮುಂದುವರಿಸುವುದು ಅವಳಿಗೆ ರೂಢಿಯಾಗಿತ್ತು.

ಹುಡುಗಿ ಟೈರುಗಳ ಮಧ್ಯೆಯೇ ಅಂಬೆಗಾಲಿಟ್ಟವಳು. ಬೆಳೆದ ಮೇಲೆ ಕಣ್ಣಿನ ಡಾಕ್ಟರೊಬ್ಬರ ಬಳಿ ಕನ್ನಡಕದ ನಂಬರು ನೋಡುವ ಕೆಲಸಕ್ಕೆ ಸೇರಿದಳು. ರಜಾದಿನ ಬಂದರೆ ಮಾತ್ರ ಊರಾಚೆಯ ರೇಸ್ ಟ್ರ್ಯಾಕಿಗೆ ಓಡುವಳು. ಅವಳ ಕೈಗೆ ಕಾರು ಕೊಟ್ಟವನೂ ನಿಧಾನಪ್ಪನೇ. ಯಾರೋ ಗೋಡೆಗೆ ಗುದ್ದಿ ತಂದು ಬಿಟ್ಟು, ಮತ್ತೆ ತಿರುಗಿ ನೋಡದ ಹಳದಿ ಬಣ್ಣದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಅದು. ಮಾವ ಸೊಸೆ ಸೇರಿ ಅದನ್ನು ಎಬ್ಬಿಸಿ ನಿಲ್ಲಿಸಿದ್ದರು. ಮಗಳ ಸೀಟಿನ ಹೊದಿಕೆಯನ್ನು ತಂಗಿಯೇ ಹೊಲಿದುಕೊಟ್ಟಿದ್ದಳು. ಆಗೆಲ್ಲ ಅದು ಮನೆಯವರ ಆಟವಾಗಿತ್ತು.

ಹುಡುಗಿ ಗೆಲ್ಲುವ ಹತ್ತಿರ ಬರತೊಡಗಿದ ಮೇಲೆ ಆಟ ಆಟವಾಗಿ ಉಳಿಯಲಿಲ್ಲ.

"ಮಾವ, ತಿರುವಿನಲ್ಲಿ ನನ್ನನ್ನ ಹಿಡಿಯೋಕೆ ಯಾರಿಗೂ ಆಗಲ್ಲ. ಆದ್ರೆ ಆ ಉದ್ದನೆ ನೇರ ದಾರಿ ಬಂತು ಅಂದ್ರೆ ಎಲ್ಲರೂ ಟಾಟಾ ಮಾಡ್ಕೊಂಡು ಮುಂದೆ ಹೋಗ್ತಾರೆ. ಟರ್ಬೊ ಒತ್ತಡ ಏರಿಸಿ ಕೊಡು."

"ನೋಡೋಣ," ಅಂದ ನಿಧಾನಪ್ಪ.

ಏರಿಸುವುದೇನೂ ಬ್ರಹ್ಮವಿದ್ಯೆಯಲ್ಲ. ಟರ್ಬೊ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲು ಉರಿಸಬಹುದು, ಹೆಚ್ಚು ಉರಿಸಿದರೆ ಹೆಚ್ಚು ಶಕ್ತಿ. ಲ್ಯಾಪ್‌ಟಾಪಿನಲ್ಲಿ ಕೆಲವು ಅಂಕಿ ಬದಲಿಸಿದರೆ ಆಯಿತು. ಆದರೆ ಆ ಬಿಸಿಯನ್ನು, ಆ ಹೊಡೆತವನ್ನು ಒಳಗಿನ ಪಿಸ್ಟನ್ ತಾಳಬೇಕಲ್ಲ. ಅದಕ್ಕೂ ಮೀರಿ ಇನ್ನೊಂದು ಲೆಕ್ಕ ಅವನ ತಲೆಯಲ್ಲಿತ್ತು: ಆ ವೇಗದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಒಳಗೆ ಕೂತಿರುವುದು ಯಾರು?

ಅದೇ ದಿನ ಸಂಜೆ ತಂಗಿ ಕೆಳಗಿಳಿದು ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ಅಣ್ಣ, ಅವಳು ನನ್ನ ಮಾತು ಕೇಳಲ್ಲ. ಬೇಡ ಅಂದಷ್ಟೂ ಹಟ ಜಾಸ್ತಿ. ಗಾಡಿ ನಿನ್ನ ಕೈಲಿದೆ. ಇನ್ನು ಮೇಲೆ ಒಂದು ಚೂರೂ ಏರಿಸಬೇಡ. ನನಗಿರೋದು ಅವಳೊಬ್ಬಳು."

"ನೋಡೋಣ," ಅಂದ ಅವಳಿಗೂ.

ಇಬ್ಬರಿಗೂ ಒಂದೇ ಮಾತು ಹೇಳಿ ಇಕ್ಕಟ್ಟಿಗೆ ಸಿಕ್ಕಿಕೊಂಡ. ಹುಡುಗಿಗೆ ಇಲ್ಲ ಅಂದರೆ ಬೇರೆ ಗ್ಯಾರೇಜಿಗೆ ಹೋಗುತ್ತಾಳೆ. ಆಯಿತು ಅಂದರೆ ತಂಗಿಗೆ ಮುಖ ತೋರಿಸುವ ಹಾಗಿಲ್ಲ. ಕೊನೆಗೆ ಅವನು ಜೀವಮಾನದಲ್ಲಿ ಯಾವ ಗಿರಾಕಿಗೂ ಮಾಡದ ಕೆಲಸ ಮಾಡಿದ. ಮೊದಲ ನಾಲ್ಕು ಗೇರುಗಳಲ್ಲಿ ಹುಡುಗಿ ಕೇಳಿದಷ್ಟು ಒತ್ತಡ ಏರಿಸಿದ. ಐದನೇ ಗೇರಿಗೆ ಬಂದ ಕೂಡಲೇ ಅದು ಸದ್ದಿಲ್ಲದೆ ಹಳೆಯ ಮಟ್ಟಕ್ಕೂ ಕೆಳಗಿಳಿಯುವಂತೆ ಮಾಡಿದ. ರೋಲರ್ ಮೇಲೆ ಕಾರನ್ನು ಅಳೆಯುವುದು ನಾಲ್ಕನೇ ಗೇರಿನಲ್ಲೇ. ಪರದೆಯ ಮೇಲೆ ಗೆರೆ ನೆಟ್ಟಗೆ ಮೇಲೇರಿತು. ಹುಡುಗಿ ಅವನ ಕೊರಳಿಗೆ ಜೋತುಬಿದ್ದು ಕುಣಿದಳು. ಅವನು ಎಣ್ಣೆಗೈಯನ್ನು ಅವಳ ಬೆನ್ನಿಗೆ ತಾಗಿಸದೆ ಗಾಳಿಯಲ್ಲೇ ಹಿಡಿದುಕೊಂಡು ನಿಂತ.

ಮುಂದಿನ ರೇಸು ಮುಗಿಸಿ ಅವಳು ನೇರ ಗ್ಯಾರೇಜಿಗೆ ಬಂದಳು. ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಅವನ ಎದುರಿಗೆ ನಿಂತಳು.

"ನಾಲ್ಕನೇ ಗೇರಿನ ತನಕ ಗಾಡಿ ನಂದು, ಮಾವ. ಐದಕ್ಕೆ ಹಾಕಿದ ತಕ್ಷಣ ಇನ್ಯಾರದೋ."

"ಬಿಸಿಗೆ ಒಂದೊಂದು ಸಲ ಹಾಗಾಗುತ್ತೆ..."

"ಬೇರೆಯವರಿಗೆ ಹೇಳು ಅದನ್ನ. ನಾನು ಈ ಇಂಜಿನ್ ಸದ್ದಲ್ಲೇ ನಿದ್ದೆ ಮಾಡಿ ಬೆಳೆದೋಳು. ಆಗಲ್ಲ ಅಂತ ಮುಖಕ್ಕೆ ಹೇಳಿದ್ರೆ ಜಗಳ ಆಡಿ ಸುಮ್ಮನಾಗ್ತಿದ್ದೆ. ನನ್ನನ್ನ ಒಳಗೆ ಕೂರಿಸಿ ಮೋಸ ಮಾಡಿದ್ಯಲ್ಲ. ನನ್ನ ಗಾಡಿ ಇಷ್ಟು ಮುನ್ನುಗ್ಗುತ್ತೆ ಅಂತ ಲೆಕ್ಕ ಹಾಕಿ ನಾನು ಪಕ್ಕದ ಕಾರನ್ನ ದಾಟೋಕೆ ಹೋಗ್ತೀನಿ. ಆ ಲೆಕ್ಕವೇ ಸುಳ್ಳಾದ್ರೆ?"

ಅವಳು ಹೇಳಿದ್ದು ನಿಜ. ಕಾಪಾಡಲು ಹೋಗಿ ಅವಳ ಕಣ್ಣಿಗೆ ಪಟ್ಟಿ ಕಟ್ಟಿದಂತಾಗಿತ್ತು. ಮರುದಿನ ಬೆಳಿಗ್ಗೆ ಕಾರು ಗ್ಯಾರೇಜಿನಲ್ಲಿ ಇರಲಿಲ್ಲ.

ಕಾರು ಹೋದದ್ದು ಊರಿನ ಆ ತುದಿಯಲ್ಲಿದ್ದ ಬೆಂಕಿಪೊಟ್ಟಣದವನ ಬಳಿಗೆ. ಅವನೂ ಇದೇ ಕಸುಬಿನವನು. ಅವನು ಹೊಂದಿಸಿದ ಕಾರುಗಳ ಹೊಗೆ ಕೊಳವೆಯಿಂದ ಕಿಡಿ ಹಾರುತ್ತಿದ್ದದ್ದರಿಂದ ಆ ಅಡ್ಡಹೆಸರು ಅಂಟಿತ್ತು. ನಿಧಾನಪ್ಪ ಮರ್ಯಾದೆ ಬದಿಗಿಟ್ಟು ಅವನಿಗೆ ಫೋನು ಮಾಡಿದ.

"ನೋಡಪ್ಪಾ, ಆ ಇಂಜಿನ್ನಿನ ನಾಲ್ಕನೇ ಸಿಲಿಂಡರು ಉಳಿದವಕ್ಕಿಂತ ಜಾಸ್ತಿ ಬಿಸಿಯಾಗುತ್ತೆ. ಅದಕ್ಕೆ ಪೆಟ್ರೋಲು ಸ್ವಲ್ಪ ಹೆಚ್ಚು ಕೊಡು, ಒಳಗೆ ತಂಪಾಗುತ್ತೆ. ಒಳಗಿರೋದು ಹಳೇ ಪಿಸ್ಟನ್ನು, ಬದಲಾಯಿಸದೆ ಐದನೇ ಗೇರಿನಲ್ಲಿ ಒತ್ತಡ ಏರಿಸಬೇಡ."

"ಆಯ್ತಣ್ಣ, ಆಯ್ತು. ನೀವು ಹೇಳಿದ ಮೇಲೆ ಇನ್ನೇನು," ಅಂದ ಆ ಕಡೆಯವನು, ಸೌಜನ್ಯದಿಂದಲೇ. ಹಿಂದೆ ಯಾವುದೋ ಇಂಜಿನ್ ಕಿರುಚುತ್ತಿತ್ತು. ಕೇಳಿಸಿಕೊಂಡನೋ, ಹೂಂಗುಟ್ಟಿ ಸಾಗಹಾಕಿದನೋ ತಿಳಿಯುವ ದಾರಿಯಿರಲಿಲ್ಲ. ಮೇಲೆ ತಂಗಿ ಕಾರು ಎಲ್ಲಿ ಅಂತ ಕೇಳಿದಳು. ಹೇಳಿದ. ಅವಳು ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದು, ಮತ್ತೆ ಕಾಲಿಟ್ಟಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ರೇಸಿನ ದಿನ ಅವನು ಕರೆಯದೆಯೇ ಹೋಗಿ ತಂತಿಬೇಲಿಯ ಹಿಂದೆ ಜನರ ನಡುವೆ ನಿಂತ. ಹಳದಿ ಕಾರು ಕಾಣುವ ಮೊದಲೇ ಅದರ ಸದ್ದು ಬಂತು. ಚೆನ್ನಾಗಿತ್ತು, ತಾನು ಮಾಡಿದ್ದಕ್ಕಿಂತ ತುಂಬಿದ ಸದ್ದು. ಅವಳು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಾಗ ಅಕ್ಕಪಕ್ಕದವರು ಶಿಳ್ಳೆ ಹೊಡೆದರು. ಅವನ ಎದೆಯೂ ಉಬ್ಬಿತು, ನಾಚಿಕೆಯೂ ಆಯಿತು.

ಕೆಲವು ಸುತ್ತುಗಳ ಮೇಲೆ ಆ ಸದ್ದಿನಲ್ಲಿ ಏನೋ ಸೇರಿಕೊಂಡಿತು. ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ, ಸಣ್ಣಗೆ. ಬಿಸಿ ತಾಳದ ಪಿಸ್ಟನ್ನಿನ ಸದ್ದು. ಪಕ್ಕದವರಿಗೆ ಕೇಳಿಸಲಿಲ್ಲ. ಅವನು ಬೇಲಿಯ ತಂತಿ ಹಿಡಿದು ಕೂಗಿದ: "ಕಾಲು ತೆಗಿ! ತೆಗಿಯೇ ಕಾಲು!" ಅಷ್ಟು ಕಾರುಗಳ ಅಬ್ಬರದಲ್ಲಿ ಅವನ ಕೂಗು ಅವನ ಕಿವಿಗೇ ತಲುಪಲಿಲ್ಲ. ಬಾವುಟ ಹಿಡಿದ ಸಿಬ್ಬಂದಿಯ ಬಳಿಗೆ ಓಡಿದ. "ನಿಲ್ಲಿಸಿ ಸಾರ್, ಆ ಹಳದಿ ಗಾಡಿ ನಿಲ್ಲಿಸಿ." "ಯಾಕೆ? ಚೆನ್ನಾಗೇ ಓಡ್ತಿದೆಯಲ್ಲ. ಹಿಂದಕ್ಕೆ ಹೋಗ್ರೀ ಯಜಮಾನರೇ."

ನೇರ ದಾರಿಯ ನಡುವೆ ಕಾರಿನ ಹಿಂದೆ ಬಿಳಿ ಹೊಗೆ ಕವಿಯಿತು. ಆಮೇಲೆ ಸದ್ದೇ ಇಲ್ಲ. ಹೊಗೆಯ ಒಳಗೆ ಕಾರು ಯಾವ ಕಡೆ ತಿರುಗಿತು, ಏನಾಯಿತು, ಒಂದೂ ಕಾಣಲಿಲ್ಲ. ಅವನು ಬೇಲಿಗೇ ಒರಗಿದ.

ಹೊಗೆ ಸರಿದಾಗ ಕಾರು ಹುಲ್ಲಿನ ಮೇಲೆ ನೆಟ್ಟಗೆ ನಿಂತಿತ್ತು. ಅವಳು ಕ್ಲಚ್ ತುಳಿದು, ಉಳಿದ ಓಟದಲ್ಲೇ ಅದನ್ನು ದಾರಿಯಿಂದ ಪಕ್ಕಕ್ಕೆ ಇಳಿಸಿದ್ದಳು. ಬಾಗಿಲು ತೆರೆದು ಇಳಿದು, ಹೆಲ್ಮೆಟ್ಟು ತೆಗೆದು ಸೊಂಟಕ್ಕೆ ಕೈಯಿಟ್ಟು ನಿಂತಳು. ನಡುವೆ ಇನ್ನೂ ಕಾರುಗಳು ಹಾಯುತ್ತಿದ್ದವು. ಅವನು ಕೈ ಬೀಸಿದ. ಅವಳು ನೋಡಿದಳೋ ಇಲ್ಲವೋ.

ಇಂಜಿನ್ ಬಿಚ್ಚಿದ್ದು ನಿಧಾನಪ್ಪನೇ, ಕಾರನ್ನು ಅವಳೇ ಎಳೆಸಿಕೊಂಡು ತಂದಿದ್ದಳು. ನಾಲ್ಕನೇ ಪಿಸ್ಟನ್ನಿನ ನಡುವೆ ತೂತು, ಅಂಚು ಮೇಣದ ಹಾಗೆ ಕರಗಿತ್ತು. ಅವನು ಅದನ್ನು ಬಟ್ಟೆಯ ಮೇಲಿಟ್ಟ. "ನಾನು ಹೇಳಿದ್ದೆ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

"ಅವನು ತಪ್ಪು ಮಾಡಿದ, ಸರಿ," ಅಂದಳು ಹುಡುಗಿ. "ಆದ್ರೆ ಆ ವೇಗದ ರುಚಿ ಸಿಕ್ಕಿತು, ಮಾವ. ನಾನು ಬಿಡಲ್ಲ. ನೀನು ಮಾಡಿಕೊಡ್ತೀಯೋ, ಇಲ್ಲ ಮತ್ತೆ ಹೊರಗೆ ಹೋಗ್ಲೋ? ನೋಡೋಣ ಅನ್ನಬೇಡ."

ಅವನು ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಆಮೇಲೆ ಎದ್ದು ಮೆಟ್ಟಿಲು ಹತ್ತಿದ.

"ಮಾಡಿಕೊಡ್ತೀನಿ ಕಣಮ್ಮ," ಅಂದ ತಂಗಿಗೆ. "ಬೇರೆಯವರ ಕೈಗೆ ಬಿಡೋಕೆ ನನ್ನಿಂದಾಗಲ್ಲ. ತಡೆಯೋದೂ ಆಗಲ್ಲ."

"ಅಂದ್ರೆ ನನ್ನ ಮಗಳಿಗೆ ಏನಾದ್ರೂ ಆದ್ರೆ ಅದು ನಿನ್ನ ಕೈಕೆಲಸ."

"ಹೌದು."

ಅವಳು ಮುಖ ತಿರುಗಿಸಿಕೊಂಡಳು.

ಗಟ್ಟಿ ಪಿಸ್ಟನ್ನು ಬಂತು, ಹೊಸ ಬೋಲ್ಟು ಬಂತು. ಅವನು ಹಿಂದೆಂದೂ ಇಲ್ಲದಷ್ಟು ತಡ ಮಾಡಿದ. ಹುಡುಗಿ ಬೆನ್ನು ಬಿಡದೆ ಜೊತೆಗಿದ್ದಳು. ಒತ್ತಡ ಎಲ್ಲ ಗೇರುಗಳಲ್ಲೂ ಒಂದೇ ಸಮನಾಗಿ ಏರಿತು, ಒಂದೊಂದು ಅಂಕಿಯನ್ನೂ ಅವಳ ಎದುರಿಗೇ ಒತ್ತಿದ. ಇಂಜಿನ್ ಅವನ ಜೀವಮಾನದ ಅತ್ಯುತ್ತಮ ಕೆಲಸವಾಗಿತ್ತು. ಅದು ಗೊತ್ತಿದ್ದೂ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಆ ಋತುವಿನ ಕೊನೆಯ ರೇಸಿಗೆ ತಂಗಿಯೂ ಬಂದಳು, ಮೊದಲ ಬಾರಿಗೆ. ಹುಡುಗಿ ಆ ದಿನ ಎರಡನೆಯವಳಾಗಿ ಮುಗಿಸಿದಳು, ಕಾರು ಒಂದೇ ಒಂದು ಕಡೆಯೂ ತಡವರಿಸಲಿಲ್ಲ. ಆದರೆ ಅದೆಲ್ಲ ಆಮೇಲೆ ಗೊತ್ತಾದದ್ದು. ಓಟ ನಡೆಯುತ್ತಿದ್ದಾಗ ಅಣ್ಣ ತಂಗಿ ಬೇಲಿಯ ಹಿಂದೆ ಅಕ್ಕಪಕ್ಕ ನಿಂತಿದ್ದರು. ಹಳದಿ ಕಾರು ಪ್ರತಿ ಸುತ್ತಿನಲ್ಲೂ ಗುಡ್ಡದ ಹಿಂದೆ ಮರೆಯಾಗುತ್ತಿತ್ತು. ಅಷ್ಟು ಹೊತ್ತೂ ತಂಗಿ ಅವನ ತೋಳು ಹಿಡಿದುಕೊಂಡಿದ್ದಳು, ಉಗುರು ಒತ್ತುವ ಹಾಗೆ.

"ಕಾಣಿಸ್ತಿಲ್ಲವಲ್ಲ, ಅಣ್ಣ."

"ಬರ್ತಾಳೆ."

"ಸದ್ದು ಕೇಳಿಸ್ತಿದೆಯಾ ನಿನಗೆ?"

ಅವನು ಕತ್ತು ಚಾಚಿ ಆಲಿಸಿದ. "ತಾಳು," ಅಂದ.