ಎಲಿ-ಅಡಕಿ ಸಂಚಿಯೊಳಗಿನ ಟಿಕೆಟ್

ಇಟಲಿಯ ರೈಲಿನಾಗ ಟಿಕೆಟ್ ನೋಡಾಕ ಎತ್ತರದ ಹೆಣ್ಮಗಳೊಬ್ಬಾಕಿ ಬಂದಳು. ನಮ್ಮಿಬ್ಬರ ಟಿಕೆಟ್ ನನ್ನ ಫೋನಿನಾಗ ಇದ್ದವು. ನಾನು ತೂಕಡಿಸೂದು ನೋಡಿ, ಕಳ್ಳರು ಹೊಡದಾರು ಅಂತ ನನ್ನ ಜೋಡಿ ಬಂದಿದ್ದ ಮುಂಡರಗಿ ದೊಡ್ಡವ್ವ ಆ ಫೋನನ್ನ ತನ್ನ ಎಲಿ-ಅಡಕಿ ಸಂಚಿಯೊಳಗ ಜ್ವಾಕಿ ಮಾಡಿ ಇಟ್ಟಿದ್ದಳು. ಹೊರಗ ತಗದರ ಪರದೆ ತುಂಬ ಸುಣ್ಣ! ಟಿಕೆಟ್ ನೋಡಾಕಿ ಎಷ್ಟು ಸಲ ಯಂತ್ರ ಹಿಡದರೂ ಅದು ಓದವಲ್ದು. ಆಕಿ ದಂಡದ ಮಾತು ತಗದಳು.

"ತಡಿಯವ್ವಾ, ಸಿಟ್ಟಾಗಬ್ಯಾಡ," ಅಂತ ದೊಡ್ಡವ್ವ ಆಕಿಗೆ ಕನ್ನಡದಾಗ ಹೇಳಿ, ಸೆರಗಿನ ತುದಿಗೆ ಉಗುಳು ಹಚ್ಚಿ ಗಸಗಸ ಒರಸಿದಳು. ಯಂತ್ರ 'ಪೀಂ' ಅಂತು. ಟಿಕೆಟ್ ನೋಡಾಕಿ ನಕ್ಕೋತ ಮುಂದ ಹೋದಳು.

ಇಟಲಿಯಾಗ ಕಾಗದದ ಟಿಕೆಟ್ ಬೇಕಾಗಿಲ್ಲ, ಫೋನ್ ಒಂದಿದ್ದರ ಸಾಕು ಅಂತ ಬೆಟಗೇರಿಯ ನಮ್ಮ ಓಣಿ ತುಂಬ ಹೇಳಿ ಬಂದಿದ್ದೆ. ಸೆರಗು ಬೇಕಾಗತೈತಿ ಅಂತ ನನಗ ಯಾರೂ ಹೇಳಿರಲಿಲ್ಲ.